ಫ್ರಿಜ್ ಮುಟ್ಟಿದ್ರೆ ‘ಜುಮ್’ ಅನ್ನುತ್ತಾ? ಚಪ್ಪಲಿ ಹಾಕ್ಕೊಂಡು ಸುಮ್ಮನಾಗಬೇಡಿ: ಮನೆ, ಅಂಗಡಿಯ ಅರ್ಥಿಂಗ್ ಬಗ್ಗೆ ಗೊತ್ತಿರಬೇಕಾದ್ದು

ಮಳೆಗಾಲ ಶುರುವಾದ ಮೇಲೆ ಈ ಮಾತು ನೀವೂ ಕೇಳಿರ್ತೀರಿ. ಜ್ಯೂಸ್ ಅಂಗಡಿಯವರು ಹೇಳ್ತಾರೆ, “ಫ್ರಿಜ್ ಬಾಗಿಲು ಮುಟ್ಟಿದ್ರೆ ಸಣ್ಣಗೆ ಜುಮ್ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಲ್ಲ.” ಮನೆಯಲ್ಲಿ ಅಮ್ಮ ಹೇಳ್ತಾರೆ, “ಗ್ರೈಂಡರ್ ಮುಟ್ಟುವಾಗ ಮಣೆ ಮೇಲೆ ನಿಂತ್ಕೋ.” ಗಿರಣಿಯಲ್ಲಿ ಕಾಲಡಿಗೆ ಒಂದು ರಬ್ಬರ್ ಮ್ಯಾಟ್ ಹಾಕಿಟ್ಟು, ವರ್ಷಗಟ್ಟಲೆ ಅದರ ಮೇಲೇ ನಿಂತು ಕೆಲಸ ಮಾಡೋರೂ ಇದ್ದಾರೆ.

ಆ ಜುಮ್ ಅನ್ನೋದು ಒಂದು ಎಚ್ಚರಿಕೆ. ಯಂತ್ರದ ಮೈಗೆ ಕರೆಂಟ್ ಬಂದಿದೆ, ಅದಕ್ಕೆ ಹೋಗೋಕೆ ದಾರಿ ಇಲ್ಲ, ನಿಮ್ಮ ಮೈಯನ್ನೇ ದಾರಿ ಮಾಡ್ಕೊಳ್ತಿದೆ ಅಂತ ಅದರ ಅರ್ಥ. ಇವತ್ತು ಚಪ್ಪಲಿ ಒಣಗಿದೆ, ಜುಮ್ ಅನ್ನೋದ್ರಲ್ಲೇ ಮುಗೀತು. ನಾಳೆ ನೆಲ ಒರೆಸಿದ ಮೇಲೆ ಬರಿಗಾಲಲ್ಲಿ ಮಗು ಹೋಗಿ ಅದೇ ಬಾಗಿಲು ಹಿಡಿದ್ರೆ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಪಘಾತ ವರದಿಗಳಲ್ಲಿ, ದೇಶದಲ್ಲಿ ವರ್ಷಕ್ಕೆ 10 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯೋದು ಕಾಣುತ್ತೆ. ಮನೆ, ಅಂಗಡಿಯೊಳಗೆ ನಡೆಯೋ ಇಂಥ ಸಾವುಗಳಲ್ಲಿ ಬಹಳಷ್ಟನ್ನ ತಡೆಯೋಕೆ ಬೇಕಾದ ಸಾಮಾನು ನಮ್ಮ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತೆ. ಏನು ಹಾಕಿಸಬೇಕು, ಯಾಕೆ ಹಾಕಿಸಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಕರೆಂಟ್ ಭೂಮಿಯೊಳಗೆ ಇಂಗಿ ಹೋಗಲ್ಲ

“ಅರ್ಥ್ ಹಾಕಿದ್ರೆ ಕರೆಂಟ್ ಭೂಮಿಗೆ ಹೋಗ್ಬಿಡುತ್ತೆ” ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಮಾತ್ರ ಸರಿ. ಕರೆಂಟ್ ನೀರಿನ ಹಾಗೆ ಮಣ್ಣಲ್ಲಿ ಇಂಗಿ ಮುಗಿದುಹೋಗಲ್ಲ. ಅದು ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಹೋಗಬೇಕು, ಅಂದ್ರೆ ನಿಮ್ಮ ಬೀದಿಯ ಟಿಸಿಗೆ.

ಟಿಸಿಯಿಂದ ಫೇಸ್ ತಂತಿಯಲ್ಲಿ 230 ವೋಲ್ಟ್ ಮನೆಗೆ ಬರುತ್ತೆ. ಬಲ್ಬು, ಫ್ಯಾನು, ಮಿಕ್ಸಿಯ ಮೂಲಕ ಹಾದು ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಹೋಗುತ್ತೆ. ಟಿಸಿ ಹತ್ತಿರ ಆ ನ್ಯೂಟ್ರಲನ್ನ ಭೂಮಿಗೂ ಸೇರಿಸಿರ್ತಾರೆ. ಹಾಗಾಗಿ ಭೂಮಿ ಕೂಡ ವಾಪಸ್ ಹೋಗೋ ಒಂದು ದಾರಿಯೇ. ಫ್ರಿಜ್ಜಿನ ಒಳಗೆ ಫೇಸ್ ತಂತಿಯ ಪ್ಲಾಸ್ಟಿಕ್ ಸವೆದು ಮೈಗೆ ತಾಗಿದ್ರೆ, ಮೈಗೆಲ್ಲ 230 ವೋಲ್ಟ್ ಬಂತು ಅಂತ. ನೀವು ನೆಲದ ಮೇಲೆ ನಿಂತು ಮುಟ್ಟಿದ ತಕ್ಷಣ ಕೈಯಿಂದ ಎದೆ, ಎದೆಯಿಂದ ಕಾಲು, ಕಾಲಿಂದ ಭೂಮಿ, ಭೂಮಿಯಿಂದ ಟಿಸಿ ಹೀಗೆ ಸರ್ಕ್ಯೂಟ್ ಪೂರ್ತಿಯಾಗುತ್ತೆ.

ಅರ್ಥಿಂಗ್ ಅಂದ್ರೆ ಯಂತ್ರದ ಲೋಹದ ಮೈಯನ್ನ ಮೊದಲೇ ಹಸಿರು ತಂತಿಯಿಂದ ಭೂಮಿಗೆ ಜೋಡಿಸಿ ಇಡೋದು. ಆಗ ಮೈಗೆ ಕರೆಂಟ್ ಬಂದ ಕ್ಷಣವೇ ಅದಕ್ಕೆ ನಿಮಗಿಂತ ಸುಲಭವಾದ ಇನ್ನೊಂದು ದಾರಿ ಇರುತ್ತೆ.

ತ್ರೀ ಪಿನ್ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಇದೆಯಲ್ಲ, ಅದು ಅರ್ಥಿನದು. ಅದು ಬೇರೆ ಎರಡಕ್ಕಿಂತ ಉದ್ದ ಇರೋದಕ್ಕೂ ಕಾರಣ ಇದೆ. ಪ್ಲಗ್ ಹಾಕುವಾಗ ಮೊದಲು ಅರ್ಥ್ ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಅದನ್ನ ಮುರಿದು ಟೂ ಪಿನ್ ಸಾಕೆಟ್ಟಿಗೆ ಹಾಕೋರು ತಮ್ಮ ಕಾವಲನ್ನ ತಾವೇ ಕಿತ್ತು ಎಸೆದ ಹಾಗೆ.

ಹಾಗಂತ ಟೂ ಪಿನ್ ಸಾಮಾನೆಲ್ಲ ಅಪಾಯ ಅಲ್ಲ. ಮೊಬೈಲ್ ಚಾರ್ಜರ್ ಮೇಲೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುತ್ತೆ ನೋಡಿ. ಅದಕ್ಕೆ ಎರಡು ಪದರದ ಇನ್ಸುಲೇಷನ್ ಇದೆ, ಅರ್ಥ್ ಬೇಕಿಲ್ಲ ಅಂತ ಅದರ ಅರ್ಥ. ಲೋಹದ ಮೈಯ ಫ್ರಿಜ್, ಗೀಸರ್, ಇಸ್ತ್ರಿಪೆಟ್ಟಿಗೆ, ಗ್ರೈಂಡರ್, ವಾಷಿಂಗ್ ಮಷಿನ್, ಮೋಟಾರ್ ಇವಕ್ಕೆಲ್ಲ ಅರ್ಥ್ ಬೇಕೇ ಬೇಕು.

ಜೀವ ಹೋಗೋಕೆ ಎಷ್ಟು ಕರೆಂಟ್ ಸಾಕು?

9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಎಳೆಯೋದು ಸುಮಾರು 40 ಮಿಲಿ ಆಂಪಿಯರ್ ಕರೆಂಟ್. ಅಷ್ಟು ಮನುಷ್ಯನ ಮೈಯಲ್ಲಿ ಹರಿದ್ರೆ ಏನಾಗುತ್ತೆ?

10 ಮಿಲಿ ಆಂಪಿಯರ್ ಆಸುಪಾಸಿನಲ್ಲಿ ಸ್ನಾಯು ಬಿಗಿದುಕೊಳ್ಳುತ್ತೆ. ಹಿಡಿದ ಕೈ ಬಿಡಿಸೋಕೆ ಆಗಲ್ಲ. “ಕರೆಂಟ್ ಎಳ್ಕೊಳ್ತು” ಅಂತ ನಾವು ಹೇಳೋದು ಇದನ್ನೇ. ಕರೆಂಟ್ ಎಳೆಯಲ್ಲ, ನಮ್ಮ ಕೈಯೇ ಮುಷ್ಟಿ ಕಟ್ಟುತ್ತೆ. 30 ದಾಟಿದ್ರೆ ಉಸಿರಾಟಕ್ಕೆ ತೊಂದರೆ. 50ರಿಂದ 100ರ ಹತ್ತಿರ ಹೋದ್ರೆ ಹೃದಯದ ಬಡಿತ ತಾಳ ತಪ್ಪಿ ನಿಂತೇ ಹೋಗಬಹುದು. ಒದ್ದೆ ಮೈ, ಬರಿಗಾಲು ಇದ್ದಾಗ ದೇಹದ ರೆಸಿಸ್ಟನ್ಸ್ ಸುಮಾರು 1000 ಓಮ್ ಅಂತ ಲೆಕ್ಕ ಹಿಡಿದ್ರೆ, 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತೆ. ಸಾಯೋಕೆ ಬೇಕಾದ್ದಕ್ಕಿಂತ ಎರಡು ಪಟ್ಟು ಜಾಸ್ತಿ.

ಎಂಸಿಬಿ ಇದೆಯಲ್ಲ, ಬೀಳಲ್ವಾ?

ಹೆಚ್ಚಿನವರು ತಪ್ಪು ತಿಳ್ಕೊಂಡಿರೋದು ಇಲ್ಲೇ. ಎಂಸಿಬಿ ಇರೋದು ವೈರ್ ಕಾಯೋಕೆ, ಮನುಷ್ಯನನ್ನ ಕಾಯೋಕಲ್ಲ. 16 ಆಂಪಿಯರಿನ ಎಂಸಿಬಿ 16 ಆಂಪಿಯರ್ ತನಕ ಹರಿಯೋಕೆ ಆರಾಮಾಗಿ ಬಿಡುತ್ತೆ. ನಿಮ್ಮ ಮೈಯಲ್ಲಿ ಹರಿಯೋ 0.23 ಆಂಪಿಯರ್ ಅದರ ಲೆಕ್ಕಕ್ಕೇ ಬರಲ್ಲ.

“ಅರ್ಥ್ ಇದ್ದರೆ ಜಾಸ್ತಿ ಕರೆಂಟ್ ಹರಿದು ಎಂಸಿಬಿ ಬೀಳುತ್ತಲ್ಲ” ಅಂತ ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಸಾಮಾನ್ಯವಾಗಿ ಹಾಕೋದು ಕನಿಷ್ಠ 38 ಮಿ.ಮೀ. ಒಳವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್. ಸಾಧಾರಣ ಮಣ್ಣಲ್ಲಿ ಬರೇ ಪೈಪ್ ಹುಗಿದ್ರೆ ಅದರ ರೆಸಿಸ್ಟನ್ಸ್ ಸುಮಾರು 35 ಓಮ್ ಬರುತ್ತೆ. ಫ್ರಿಜ್ಜಿನ ಮೈಗೆ ಫೇಸ್ ತಾಗಿ ಅದು ಈ ಪೈಪಿನ ಮೂಲಕ ಭೂಮಿಗೆ ಹೋದ್ರೆ ಹರಿಯೋದು 230 ಭಾಗಿಸು 35, ಹೆಚ್ಚೆಂದರೆ ಆರೂವರೆ ಆಂಪಿಯರ್. 16ರ ಎಂಸಿಬಿ ಅಲ್ಲಾಡೋದೂ ಇಲ್ಲ! ತಕ್ಷಣ ಬೀಳಬೇಕು ಅಂದ್ರೆ ‘ಸಿ’ ಮಾದರಿಯ ಎಂಸಿಬಿಗೆ ಅದರ ರೇಟಿಂಗಿನ 5ರಿಂದ 10 ಪಟ್ಟು, ಅಂದ್ರೆ 80ರಿಂದ 160 ಆಂಪಿಯರ್ ಬೇಕು.

ಪರಿಣಾಮ ಏನು? ಅರ್ಥಿಂಗ್ ಇದ್ದೂ ಫ್ರಿಜ್ಜಿನ ಮೈಯಲ್ಲಿ ಅಪಾಯದ ವೋಲ್ಟೇಜ್ ಹಾಗೇ ಉಳಿಯುತ್ತೆ. ಆರೂವರೆ ಆಂಪಿಯರ್ ಸುಮ್ಮನೆ ಮಣ್ಣಿಗೆ ಹರೀತಾ ಇರುತ್ತೆ. ಅದು ಸುಮಾರು ಒಂದೂವರೆ ಕಿಲೋವ್ಯಾಟ್, ಗೀಸರ್ ಹಾಕಿಟ್ಟ ಹಾಗೆ. ಎಷ್ಟೋ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ‘ಅರ್ಥ್’ ಅಥವಾ ‘ಇಎಲ್’ ಅಂತ ಬರೆದ ಸಣ್ಣ ದೀಪ ಇರುತ್ತೆ. ಅದು ಉರೀತಾ ಇದ್ರೆ ನಿಮ್ಮ ವೈರಿಂಗಿನಲ್ಲಿ ಎಲ್ಲೋ ಕರೆಂಟ್ ಸೋರ್ತಿದೆ, ಇಲ್ಲವೇ ನ್ಯೂಟ್ರಲ್ ಬೇರೆ ಕಡೆ ಮಿಕ್ಸ್ ಆಗಿದೆ. ಇವತ್ತೇ ಹೋಗಿ ಮೀಟರ್ ನೋಡಿ.

ಜೀವ ಉಳಿಸೋದು ಆರ್‌ಸಿಸಿಬಿ

ಇದಕ್ಕೆ ಪರಿಹಾರವೇ ಆರ್‌ಸಿಸಿಬಿ. ನಮ್ಮ ಅಂಗಡಿಗಳಲ್ಲಿ ಇನ್ನೂ ‘ಇಎಲ್‌ಸಿಬಿ’ ಅಂತಲೇ ಕೇಳ್ತಾರೆ, ಅಂಗಡಿಯವರು ಕೊಡೋದು ಇದನ್ನೇ. ಇದು ಕೆಲಸ ಮಾಡೋ ರೀತಿ ಸರಳ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತಾ ಅಂತ ಸದಾ ಲೆಕ್ಕ ಇಡುತ್ತೆ. ಕಿರಾಣಿ ಅಂಗಡಿಯ ಗಲ್ಲಾದ ಹಾಗೆ. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ಕಡಿಮೆ ಬಂದ್ರೆ, ಅದು ಬೇರೆ ದಾರಿಯಲ್ಲಿ, ಬಹುಶಃ ಯಾರದೋ ಮೈಯಲ್ಲಿ ಹೋಗ್ತಿದೆ ಅಂತ ಲೈನನ್ನೇ ಕಟ್ ಮಾಡುತ್ತೆ. 30 ಮಿಲಿ ಆಂಪಿಯರಿನದಕ್ಕೆ ಮಾನಕ ಕೊಟ್ಟ ಗರಿಷ್ಠ ಸಮಯ 0.3 ಸೆಕೆಂಡ್. ಸೋರಿಕೆ ಐದು ಪಟ್ಟು ಇದ್ದರೆ 0.04 ಸೆಕೆಂಡಿನೊಳಗೆ ಬೀಳಬೇಕು.

ಹಾಗಾದ್ರೆ ಅರ್ಥಿಂಗ್ ಬೇಡವಾ? ಬೇಕು. ಅರ್ಥ್ ಇಲ್ಲದೆ ಬರೇ ಆರ್‌ಸಿಸಿಬಿ ಇದ್ರೆ, ಫ್ರಿಜ್ಜಿನ ಮೈಗೆ ಕರೆಂಟ್ ಬಂದರೂ ಯಾರಾದ್ರೂ ಮುಟ್ಟೋ ತನಕ ಸೋರಿಕೆ ಆಗಲ್ಲ. ಮುಟ್ಟಿದವರಿಗೆ ಒಂದು ಹೊಡೆತ ಬಿದ್ದ ಮೇಲೇ ಅದು ಬೀಳೋದು. ಅರ್ಥ್ ಇದ್ದರೆ, ತಂತಿ ಮೈಗೆ ತಾಗಿದ ಕ್ಷಣವೇ ಬೀಳುತ್ತೆ, ಯಾರೂ ಮುಟ್ಟಬೇಕಿಲ್ಲ. ಅರ್ಥ್ ದಾರಿ ಮಾಡಿಕೊಡುತ್ತೆ, ಆರ್‌ಸಿಸಿಬಿ ಬಾಗಿಲು ಹಾಕುತ್ತೆ. ಎರಡೂ ಜೊತೆಗಿರಬೇಕು. 35 ಓಮಿನ ಅರ್ಥ್ ಎಂಸಿಬಿ ಬೀಳಿಸೋಕೆ ಸಾಲದು ಅಂತ ನೋಡಿದ್ವಿ. ಅದೇ ಅರ್ಥ್ ಆರ್‌ಸಿಸಿಬಿ ಬೀಳಿಸೋಕೆ ಧಾರಾಳ ಸಾಕು.

ಕೊಳ್ಳುವಾಗ ನೆನಪಿಡಿ:

* ಒಂದೇ ಥರ ಕಾಣೋ ಡಬ್ಬಿಗಳಲ್ಲಿ 30, 100, 300 ಮಿಲಿ ಆಂಪಿಯರಿನವು ಇರುತ್ತವೆ. ಜನರ ಜೀವ ಕಾಯೋಕೆ 30ರದ್ದೇ ಬೇಕು. 100, 300ರದ್ದು ಮುಖ್ಯವಾಗಿ ಸೋರಿಕೆಯಿಂದ ಬೆಂಕಿ ಹತ್ತೋದನ್ನ ತಡೆಯೋಕೆ. ಮೇಲೆ 30 ಎಂಎ ಅಥವಾ 0.03 ಎ ಅಂತ ಇದೆಯಾ ಓದಿ ನೋಡಿ. ಐಎಸ್‌ಐ ಗುರುತೂ ಇರಲಿ.
* ಆರ್‌ಸಿಸಿಬಿ ಓವರ್‌ಲೋಡಿಗೆ, ಶಾರ್ಟ್ ಸರ್ಕ್ಯೂಟಿಗೆ ಬೀಳಲ್ಲ. ಎಂಸಿಬಿ ಜೊತೆಗೆ ಇರಲೇಬೇಕು. ಎರಡೂ ಒಂದರಲ್ಲೇ ಬೇಕು ಅಂದ್ರೆ ಆರ್‌ಸಿಬಿಒ ಸಿಗುತ್ತೆ.
* ಸಿಂಗಲ್ ಫೇಸಿಗೆ ಟೂ ಪೋಲ್, ತ್ರೀ ಫೇಸಿಗೆ ಫೋರ್ ಪೋಲ್.
* ಒಂದು ಕೈ ಫೇಸಿಗೆ, ಇನ್ನೊಂದು ಕೈ ನ್ಯೂಟ್ರಲಿಗೆ ತಾಗಿ ಶಾಕ್ ಆದ್ರೆ ಇದೂ ಕಾಪಾಡಲ್ಲ, ಯಾಕಂದ್ರೆ ಲೆಕ್ಕ ಸರಿಯಾಗೇ ಇರುತ್ತೆ. ಹಾಗಾಗಿ “ಆರ್‌ಸಿಸಿಬಿ ಇದೆ” ಅಂತ ಲೈನ್ ಇದ್ದಾಗಲೇ ವೈರಿಗೆ ಕೈ ಹಾಕಬೇಡಿ.

ಅದರ ಮೇಲೆ ‘ಟಿ’ ಅಂತ ಒಂದು ಬಟನ್ ಇರುತ್ತೆ. ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ರೆ ಬದಲಾಯಿಸಿ. ಆದ್ರೆ ಈ ಬಟನ್ ಪರೀಕ್ಷೆ ಮಾಡೋದು ಆ ಡಬ್ಬಿಯನ್ನ ಮಾತ್ರ, ನಿಮ್ಮ ಅರ್ಥಿಂಗನ್ನಲ್ಲ.

“ಪದೇ ಪದೇ ಬೀಳುತ್ತೆ ಅಂತ ತೆಗೆಸಿಬಿಟ್ವಿ”

ಇದು ಪ್ರತಿ ಬೀದಿಯಲ್ಲೂ ಕೇಳೋ ಮಾತು. ಮನೆಯಲ್ಲಿ ನಾಯಿ ಬೊಗಳುತ್ತೆ ಅಂತ ನಾಯಿಯನ್ನೇ ಓಡಿಸಿದ ಹಾಗೆ. ಅದು ಬೀಳ್ತಿದೆ ಅಂದ್ರೆ ಎಲ್ಲೋ ಸೋರಿಕೆ ಇದೆ. ಕಂಡುಹಿಡಿಯೋದು ಹೀಗೆ: ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ. ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತಾ ಹೋಗಿ. ಯಾವುದು ಏರಿಸಿದಾಗ ಬಿತ್ತೋ ಆ ಲೈನಿನಲ್ಲಿ ತೊಂದರೆ. ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ಏರಿಸಿ. ಈಗ ನಿಂತರೆ ತಪ್ಪು ಆ ಸಾಮಾನುಗಳಲ್ಲಿ, ಮತ್ತೂ ಬಿದ್ದರೆ ವೈರಿಂಗಿನಲ್ಲಿ. ಹಳೇ ಗೀಸರ್ ಕಾಯಿಲ್, ನೀರು ಹೊಕ್ಕ ಹೊರಗಿನ ಸ್ವಿಚ್ ಬೋರ್ಡು, ಗೋಡೆಯೊಳಗೆ ಟೇಪ್ ಸುತ್ತಿಟ್ಟ ಜಾಯಿಂಟು ಇವೇ ಹೆಚ್ಚಾಗಿ ಸಿಕ್ಕಿಬೀಳೋದು.

ಎಲ್ಲ ಎಂಸಿಬಿ ಇಳಿಸಿದ್ರೂ ಬೀಳ್ತಿದ್ರೆ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿರೋ ಸಾಧ್ಯತೆ ಹೆಚ್ಚು. ಇನ್ವರ್ಟರ್ ಹಾಕಿಸಿದ ಮೇಲೆ ಶುರುವಾಗಿದ್ರೆ, ಇನ್ವರ್ಟರ್ ಲೈನಿನ ನ್ಯೂಟ್ರಲ್ ಮತ್ತು ಮೇನ್ ಲೈನಿನ ನ್ಯೂಟ್ರಲ್ ತಪ್ಪು ಜಾಗದಲ್ಲಿ ಸೇರಿರುತ್ತೆ. ಇದನ್ನ ಸರಿಪಡಿಸಬಹುದು, ಬೈಪಾಸ್ ಮಾಡಬೇಕಿಲ್ಲ.

ನ್ಯೂಟ್ರಲಿಂದ ಲೂಪ್ ಕೊಟ್ಟು ‘ಅರ್ಥ್’ ಮಾಡೋ ಕಳ್ಳದಾರಿ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಹಳೇ ಮನೆಗಳಲ್ಲಿ ಅರ್ಥ್ ತಂತಿಯೇ ಎಳೆದಿರಲ್ಲ. ಒಂದು ಬಲ್ಬಿಗೆ ಅಂತ ಕೊಟ್ಟ ಭಾಗ್ಯಜ್ಯೋತಿ ಸಂಪರ್ಕದ ಮನೆಗಳಲ್ಲಿ ಈಗ ಟಿವಿ, ಮಿಕ್ಸಿ, ಫ್ರಿಜ್ ಎಲ್ಲ ಬಂದಿವೆ, ವೈರಿಂಗ್ ಮಾತ್ರ ಅದೇ ಎರಡು ತಂತಿಯದು. ಫ್ರಿಜ್ ಶಾಕ್ ಹೊಡೆಯುತ್ತೆ ಅಂತ ಕರೆದ್ರೆ, ಕೆಲವರು ಸಾಕೆಟ್ ಬಿಚ್ಚಿ ನ್ಯೂಟ್ರಲ್ ಪಾಯಿಂಟಿನಿಂದ ಮೇಲಿನ ಅರ್ಥ್ ಪಾಯಿಂಟಿಗೆ ಒಂದು ತುಂಡು ವೈರ್ ಹಾಕಿ ಹೋಗ್ತಾರೆ. ಜುಮ್ ಅನ್ನೋದು ನಿಲ್ಲುತ್ತೆ. “ನೋಡಿ, ಸರಿಯಾಯ್ತು” ಅಂತಾರೆ.

ಈಗ ಗಾಳಿ ಮಳೆಗೆ ಕಂಬದ ಮೇಲೆ ನಿಮ್ಮ ನ್ಯೂಟ್ರಲ್ ಜಾಯಿಂಟ್ ಬಿಟ್ಟುಹೋಯ್ತು ಅಂತಿಟ್ಕೊಳ್ಳಿ. ಮನೆಯ ಲೈಟೆಲ್ಲ ಆರುತ್ತೆ. ನೀವು ಕರೆಂಟ್ ಹೋಯ್ತು ಅಂದ್ಕೊಳ್ತೀರಿ. ಆದ್ರೆ ಫೇಸ್ ಬರ್ತಾನೇ ಇದೆ. ಅದು ಆನ್ ಆಗಿರೋ ಬಲ್ಬು, ಫ್ಯಾನಿನ ಮೂಲಕ ನ್ಯೂಟ್ರಲ್ ತಂತಿಗೆ ಬಂದು, ಅಲ್ಲಿಂದ ಆ ತುಂಡು ವೈರಿನ ಮೂಲಕ ಫ್ರಿಜ್ಜಿನ ಮೈಗೆ ಬಂದು ಕಾಯ್ತಾ ಕೂತಿರುತ್ತೆ. ಕತ್ತಲಲ್ಲಿ ಹಾಲು ತೆಗೆಯೋಕೆ ಅಂತ ಬಾಗಿಲಿಗೆ ಕೈ ಹಾಕಿದವರಿಗೆ ಫ್ರಿಜ್ ಕೆಟ್ಟಿಲ್ಲದಿದ್ರೂ ಶಾಕ್ ಹೊಡೆಯುತ್ತೆ. ಲೂಪ್ ಕೊಟ್ಟ ಸಾಕೆಟ್ಟಿನಲ್ಲಿರೋ ಅಷ್ಟೂ ಸಾಮಾನಿನ ಕಥೆ ಇದೇ.

ಈ ಲೂಪ್ ಆರ್‌ಸಿಸಿಬಿಗೂ ಮಣ್ಣೆರಚುತ್ತೆ. ಮೈಗೆ ಸೋರಿದ ಕರೆಂಟು ನ್ಯೂಟ್ರಲಿನಲ್ಲೇ ವಾಪಸ್ ಹೋಗೋದ್ರಿಂದ ಅದರ ಲೆಕ್ಕದಲ್ಲಿ ವ್ಯತ್ಯಾಸವೇ ಕಾಣಲ್ಲ.

ಇದರ ಉಲ್ಟಾ ತಪ್ಪೂ ಇದೆ. ನ್ಯೂಟ್ರಲ್ ಹೋದಾಗ ಅರ್ಥ್ ತಂತಿಯನ್ನೇ ನ್ಯೂಟ್ರಲ್ ಮಾಡಿ ಲೈಟ್ ಉರಿಸೋದು. ಬಲ್ಬೇನೋ ಉರಿಯುತ್ತೆ. ಆದ್ರೆ ಅರ್ಥ್ ಪೈಪಿಗೆ, ಅದರ ಸುತ್ತಲ ಒದ್ದೆ ಮಣ್ಣಿಗೆ, ಮನೆಯ ಎಲ್ಲ ಯಂತ್ರದ ಮೈಗೆ ವೋಲ್ಟೇಜ್ ಏರುತ್ತೆ. ಆ ಪೈಪಿನ ಹತ್ತಿರ ಕಟ್ಟಿದ ದನಕ್ಕೂ ಅಪಾಯ. ನ್ಯೂಟ್ರಲ್ ಹೋದ್ರೆ 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬರೋ ತನಕ ಮೇನ್ ಆಫ್ ಮಾಡಿ ಕಾಯಿರಿ.

ಬಾಂಡಿಂಗ್: ಎಲ್ಲ ಲೋಹವನ್ನ ಒಂದೇ ಮಟ್ಟಕ್ಕೆ ತರೋದು

ಅರ್ಥಿಂಗ್ ಹೆಸರು ಎಲ್ಲರೂ ಕೇಳಿದ್ದಾರೆ, ಬಾಂಡಿಂಗ್ ಅಷ್ಟಾಗಿ ಗೊತ್ತಿಲ್ಲ. ತಂತಿ ಮೇಲೆ ಕೂತ ಗುಬ್ಬಿಗೆ ಶಾಕ್ ಯಾಕೆ ಹೊಡೆಯಲ್ಲ? ಅದರ ಎರಡು ಕಾಲೂ ಒಂದೇ ವೋಲ್ಟೇಜಿನಲ್ಲಿವೆ. ಕರೆಂಟ್ ಹರಿಯೋಕೆ ವ್ಯತ್ಯಾಸ ಬೇಕು. ಬಾಂಡಿಂಗ್ ಮಾಡೋದು ಇದನ್ನೇ. ನೀವು ಒಟ್ಟಿಗೆ ಮುಟ್ಟಬಹುದಾದ ಎಲ್ಲ ಲೋಹವನ್ನ ಹಸಿರು-ಹಳದಿ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಿ, ಅದನ್ನ ಮನೆಯ ಅರ್ಥಿಗೆ ಸೇರಿಸೋದು. ಆಗ ಒಂದಕ್ಕೆ ಕರೆಂಟ್ ಬಂದ್ರೂ ಎಲ್ಲವೂ ಒಟ್ಟಿಗೆ ಒಂದೇ ಮಟ್ಟಕ್ಕೆ ಬರುತ್ತವೆ.

ಬಚ್ಚಲುಮನೆ ಇದಕ್ಕೆ ಮೊದಲ ಜಾಗ. ಹಂಡೆ ಒಲೆ ಹೋಗಿ ಗೀಸರ್ ಬಂದ ಎಷ್ಟೋ ಮಲೆನಾಡಿನ ಮನೆಗಳಲ್ಲಿ ಹಳೇ ಜಿಐ ಪೈಪುಗಳೇ ಇವೆ. ಗೀಸರಿನ ಮೈ ಮತ್ತು ಬಿಸಿನೀರು, ತಣ್ಣೀರಿನ ಕಬ್ಬಿಣದ ಪೈಪುಗಳನ್ನ 4 ಚದರ ಮಿ.ಮೀ. ತಾಮ್ರದ ತಂತಿಯಿಂದ ಕ್ಲಾಂಪ್ ಹಾಕಿ ಜೋಡಿಸಬೇಕು. ಪೈಪೆಲ್ಲ ಪ್ಲಾಸ್ಟಿಕ್ಕಾದ್ರೆ ಅದಕ್ಕೆ ಬಾಂಡಿಂಗ್ ಬೇಕಿಲ್ಲ, ಗೀಸರಿನ ಅರ್ಥ್ ಮತ್ತು ಆರ್‌ಸಿಸಿಬಿ ಸರಿ ಇದ್ದರೆ ಸಾಕು.

ನೀರಿನ ಪೈಪಿಗೇ ತಂತಿ ಸುತ್ತಿ ಅದನ್ನೇ ಅರ್ಥ್ ಅಂತ ನಂಬಬೇಡಿ. ಹಿಂದೆ ನಲ್ಲಿ ಪೈಪು ಪೂರ್ತಿ ಕಬ್ಬಿಣದ್ದಾಗಿತ್ತು. ಈಗ ಮಧ್ಯ ಎಲ್ಲೋ ಒಂದು ತುಂಡು ಪಿವಿಸಿ ಹಾಕಿದ್ರೂ ಅರ್ಥ್ ಅಲ್ಲಿಗೇ ಮುಗೀತು. ಆಮೇಲೆ ಆ ತಂತಿ ಮಾಡೋದು ಒಂದೇ ಕೆಲಸ, ಫ್ರಿಜ್ಜಿನ ಕರೆಂಟನ್ನ ನಲ್ಲಿಗೆ ತಲುಪಿಸೋದು.

ಅಂಗಡಿಯವರು ನೋಡಬೇಕಾದ್ದು

ಅಂಗಡಿಯ ಶಟರ್ ಪೂರ್ತಿ ಕಬ್ಬಿಣ. ಅದರ ಮೇಲೇ ನಾಮಫಲಕ, ಅದಕ್ಕೆ ಲೈಟು. ಆ ಲೈಟಿನ ವೈರ್ ಶಟರ್ ಸುತ್ತೋ ಪೆಟ್ಟಿಗೆಯ ಪಕ್ಕದಲ್ಲೇ ಹೋಗಿರುತ್ತೆ. ದಿನಾ ಶಟರ್ ಎತ್ತಿ ಇಳಿಸಿ ಉಜ್ಜಿ ಉಜ್ಜಿ ಒಂದು ದಿನ ವೈರ್ ಸವೆಯುತ್ತೆ. ಬೆಳಗ್ಗೆ ಮಳೆಯಲ್ಲಿ ನೆನೆದ ಶಟರನ್ನ ಒದ್ದೆ ಕೈಯಲ್ಲಿ ಎತ್ತೋರು ನೀವೇ. ಫಲಕದ ವೈರನ್ನ ಪಿವಿಸಿ ಪೈಪಿನಲ್ಲಿ ಹಾಕಿ ಶಟರಿಂದ ದೂರ ಒಯ್ಯಿರಿ. ಫಲಕದ ಕಬ್ಬಿಣದ ಚೌಕಟ್ಟಿಗೂ, ಶಟರಿನ ಗೈಡ್ ಚಾನಲಿಗೂ ಅರ್ಥ್ ಕೊಡಿಸಿ. ಆ ಲೈನೂ ಆರ್‌ಸಿಸಿಬಿ ಕೆಳಗೇ ಬರಲಿ.

ತಗಡಿನ ಮಾಡಿನ ಅಂಗಡಿ, ಗೂಡಂಗಡಿಗಳಲ್ಲಿ ವೈರು ತಗಡಿಗೂ ಆಂಗಲ್ಲಿಗೂ ನಡುವೆ ಸಿಕ್ಕಿಕೊಂಡು ಕತ್ತರಿಸುತ್ತೆ. ಆಗ ಇಡೀ ಮಾಡಿಗೆ, ಅದನ್ನ ಹೊತ್ತ ಕಂಬಕ್ಕೆ ಕರೆಂಟ್. ಪಕ್ಕದ ಅಂಗಡಿಯ ಮಾಡೂ ತಾಗಿದ್ರೆ ಅವರಿಗೂ.

ಜೆರಾಕ್ಸ್, ಕಂಪ್ಯೂಟರ್ ಅಂಗಡಿಯವರಿಗೆ ಇನ್ನೊಂದು. ಸಿಪಿಯು ಪೆಟ್ಟಿಗೆ ಮುಟ್ಟಿದ್ರೆ ಜುಮ್ ಅನ್ನೋದು ಅದು ಕೆಟ್ಟಿದೆ ಅಂತಲೇ ಅಲ್ಲ. ಅದರ ಪವರ್ ಸಪ್ಲೈಯಲ್ಲಿ ಸಣ್ಣ ಪ್ರಮಾಣದ ಕರೆಂಟನ್ನ ಅರ್ಥಿಗೆ ಬಿಡೋ ವ್ಯವಸ್ಥೆಯೇ ಇರುತ್ತೆ. ನಿಮ್ಮ ಸಾಕೆಟ್ಟಿಗೆ ಅರ್ಥ್ ಇಲ್ಲ ಅಂತ ಅದು ಹೇಳ್ತಿದೆ, ಅಷ್ಟೇ.

ಹಿಟ್ಟಿನ ಗಿರಣಿ, ಅಡಿಕೆ ಸುಲಿಯೋ ಯಂತ್ರ, ಪಂಪ್‌ಸೆಟ್ ಹೀಗೆ ತ್ರೀ ಫೇಸ್ ಮೋಟಾರ್ ಇರೋ ಕಡೆ ನಿಯಮವೇ ಬೇರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಇಂಥ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಇರಬೇಕು. ಒಂದು ತುಂಡಾದ್ರೂ ಇನ್ನೊಂದು ಕಾಯಲಿ ಅಂತ. ಒದ್ದೆ ಅಂಗಳದಲ್ಲಿ ಉದ್ದ ವೈರ್ ಎಳೆದು ಅಡಿಕೆ ಯಂತ್ರ ನಡೆಸೋರು ಆ ವೈರಿನಲ್ಲಿ ಅರ್ಥಿನ ತಂತಿಯೂ ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸುಗಳಲ್ಲಿ ಮೂರು ತೂತು ಇರುತ್ತೆ, ಒಳಗೆ ವೈರ್ ಮಾತ್ರ ಎರಡೇ.

ಅರ್ಥ್ ಗುಂಡಿ ಹೇಗಿರಬೇಕು?

ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ, ತೇವ ಉಳಿಯೋ ಜಾಗ. ಸ್ನಾನದ ನೀರು, ಪಾತ್ರೆ ತೊಳೆದ ನೀರು ಹೋಗೋ ಕಡೆ ಒಳ್ಳೇದು. ಎರಡೂವರೆ ಮೀಟರ್ ಪೈಪ್ ಅಂದ್ರೆ ಎಂಟು ಅಡಿಗೂ ಸ್ವಲ್ಪ ಜಾಸ್ತಿ. ಮೂರು ಅಡಿಯ ರಾಡ್ ಹೊಡೆದು ಹೋದ್ರೆ ಅದು ಲೆಕ್ಕಕ್ಕಿಲ್ಲ. ಸುತ್ತ ಇದ್ದಿಲು, ಉಪ್ಪು ಪದರಪದರವಾಗಿ ಹಾಕೋದು ಹಳೇ ಪದ್ಧತಿ. ಅದರಿಂದ ರೆಸಿಸ್ಟನ್ಸ್ ಇಳಿಯುತ್ತೆ ನಿಜ, ಆದ್ರೆ ಉಪ್ಪು ಕಬ್ಬಿಣವನ್ನ ತಿನ್ನುತ್ತೆ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು.

ಮಣ್ಣಿನ ಲೆಕ್ಕವೂ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ನೆನೆದಿರುತ್ತೆ, ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗಿ ಅರ್ಥ್ ಕೆಲಸ ಕೆಡುತ್ತೆ. ಬಯಲು ಕಡೆಯ ಕಪ್ಪು ಮಣ್ಣು ಕರೆಂಟಿಗೆ ಒಳ್ಳೇ ದಾರಿ, ಆದ್ರೆ ಬಿಸಿಲಿಗೆ ಬಿರಿದು ಪೈಪಿನ ಸುತ್ತ ಸಂದಿ ಬಿಡುತ್ತೆ. ಎರಡು ಕಡೆಯವರೂ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಗುಂಡಿಗೆ ಒಂದೊಂದು ಕೊಡ ನೀರು ಹಾಕಿ. ಬಂಡೆ ಸಿಕ್ಕಿ ಆಳ ಹೋಗದಿದ್ರೆ ದೂರ ದೂರ ಎರಡು ಪೈಪ್ ಹಾಕಿ ಜೋಡಿಸಬಹುದು.

ಗುಂಡಿಗಿಂತ ಹೆಚ್ಚಾಗಿ ಕೈಕೊಡೋದು ಜಾಯಿಂಟು. ಪೈಪಿಗೆ ತಂತಿಯನ್ನ ಬೋಲ್ಟು, ವಾಷರ್ ಹಾಕಿ ಬಿಗಿದಿರಬೇಕು. ಬರೇ ಸುತ್ತಿಟ್ಟ ತಂತಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಸಡಿಲಾಗುತ್ತೆ. ಒಂದು ಮಾತು, ಮನೆಯ ಈ ಅರ್ಥಿಂಗ್ ಸಿಡಿಲು ತಡೆಯಲ್ಲ. ಗುಡುಗು ಶುರುವಾದ್ರೆ ಪ್ಲಗ್ ಕಿತ್ತಿಡೋದನ್ನ ಬಿಡಬೇಡಿ.

ಬಲ್ಬ್ ಉರಿದ್ರೆ ಅರ್ಥ್ ಸರಿ ಇದೆ ಅಂತಲ್ಲ

ಫೇಸಿಗೂ ಅರ್ಥಿಗೂ ನಡುವೆ ಹೋಲ್ಡರ್ ಬಲ್ಬು ಹಿಡಿದು, “ಉರೀತು, ಅರ್ಥ್ ಸೂಪರ್” ಅಂತಾರೆ. 100 ವ್ಯಾಟ್ ಬಲ್ಬು ಎಳೆಯೋದು ಅರ್ಧ ಆಂಪಿಯರಿಗಿಂತ ಕಡಿಮೆ. 35 ಓಮಿನ ಅರ್ಥಿನಲ್ಲೂ ಅದು ಹೆಚ್ಚುಕಡಿಮೆ ಪೂರ್ತಿ ಬೆಳಗುತ್ತೆ. ನ್ಯೂಟ್ರಲಿಂದ ಲೂಪ್ ಕೊಟ್ಟ ಕಳ್ಳ ಅರ್ಥಿನಲ್ಲಂತೂ ಝಗ್ ಅಂತ ಉರಿಯುತ್ತೆ. ಬಲ್ಬು ಉರಿಯದಿದ್ರೆ ಅರ್ಥ್ ಇಲ್ಲ ಅಂತ ಹೇಳಬಹುದು, ಉರಿದ್ರೆ ಚೆನ್ನಾಗಿದೆ ಅಂತ ಹೇಳೋಕಾಗಲ್ಲ. ಸರಿಯಾದ ಅಳತೆಗೆ ಅರ್ಥ್ ಟೆಸ್ಟರ್ ಬೇಕು. ಆರ್‌ಸಿಸಿಬಿ ಇರೋ ಮನೆಯಲ್ಲಿ ಹೀಗೆ ಬಲ್ಬು ಹಿಡಿದ್ರೆ ಅದು ಬೀಳಲೇಬೇಕು. ಬೀಳದೆ ಬಲ್ಬು ಉರೀತಾನೇ ಇದ್ರೆ ಅಲ್ಲಿ ಲೂಪ್ ಇದೆ ಅಥವಾ ಆರ್‌ಸಿಸಿಬಿ ಕೆಟ್ಟಿದೆ. ಈ ಪರೀಕ್ಷೆಯನ್ನ ನೀವೇ ಮಾಡೋಕೆ ಹೋಗಬೇಡಿ, ಮುಂದೆ ನಿಂತು ಮಾಡಿಸಿ.

ವೈರಿಂಗ್ ಕೆಲಸವನ್ನ ಪರವಾನಗಿ ಇರೋ ಗುತ್ತಿಗೆದಾರರಿಂದಲೇ ಮಾಡಿಸಬೇಕು ಅಂತ ನಿಯಮ ಇದೆ. ನಮ್ಮ ರಾಜ್ಯದಲ್ಲಿ ಪರವಾನಗಿ ಕೊಡೋದು ವಿದ್ಯುತ್ ಪರಿವೀಕ್ಷಣಾಲಯ. ಬಂದವರಿಗೆ ನಾಲ್ಕು ಪ್ರಶ್ನೆ ಕೇಳಿ: ಪ್ರತಿ ಸಾಕೆಟ್ಟಿಗೂ ಅರ್ಥ್ ವೈರ್ ಪ್ರತ್ಯೇಕ ಬಂದಿದೆಯಾ? ಎಲ್ಲಾದ್ರೂ ನ್ಯೂಟ್ರಲ್-ಅರ್ಥ್ ಲೂಪ್ ಇದೆಯಾ? ಅರ್ಥ್ ಎಷ್ಟು ಓಮ್ ಬಂತು? ಇನ್ವರ್ಟರ್ ಲೈನೂ ಆರ್‌ಸಿಸಿಬಿ ಕಾವಲಿಗೆ ಬರುತ್ತಾ? ಉತ್ತರ ಕೊಡೋಕೆ ತಡವರಿಸಿದ್ರೆ ಬೇರೆಯವರನ್ನ ನೋಡಿ.

ತಂತಿಗೆ ಬಟ್ಟೆ, ಬಕೆಟ್ಟಿಗೆ ರಾಡ್

ಈ ಎರಡು ಅಭ್ಯಾಸ ಇವತ್ತೇ ನಿಲ್ಲಿಸಿ. ಬಟ್ಟೆ ಒಣಗಿಸೋ ಕಬ್ಬಿಣದ ತಂತಿಯನ್ನ ಸರ್ವಿಸ್ ವೈರ್ ಬರೋ ಪೈಪಿಗೆ, ಕರೆಂಟ್ ಕಂಬಕ್ಕೆ, ಅದರ ಸ್ಟೇ ತಂತಿಗೆ ಕಟ್ಟೋದು ಒಂದು. ಸರ್ವಿಸ್ ವೈರ್ ಸವೆದು ತಾಗಿದ್ರೆ ಒದ್ದೆ ಬಟ್ಟೆ ಹಾಕೋಕೆ ಹೋದವರ ಕೈಗೇ ಕರೆಂಟ್. ಬಿಡಿಸೋಕೆ ಹೋದವರೂ ಜೊತೆಗೆ ಸಿಕ್ಕಿಹಾಕ್ಕೊಳ್ತಾರೆ. ನೈಲಾನ್ ಹಗ್ಗ ಕಟ್ಟಿ.

ಇನ್ನೊಂದು, ಹೀಟರ್ ರಾಡ್ ಹಾಕಿದ ಬಕೆಟ್ಟಿಗೆ ಬೆರಳಿಟ್ಟು ಬಿಸಿಯಾಯ್ತಾ ಅಂತ ನೋಡೋದು. ಬಕೆಟ್ ಪ್ಲಾಸ್ಟಿಕ್ ಆದ್ರೂ ಒಳಗಿನ ನೀರು ಪ್ಲಾಸ್ಟಿಕ್ ಅಲ್ಲ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ.

ಯಾರಿಗಾದ್ರೂ ಶಾಕ್ ಹೊಡೆದ್ರೆ

* ಓಡಿ ಹೋಗಿ ಹಿಡಿಯಬೇಡಿ. ಮೊದಲು ಮೇನ್ ಆಫ್ ಮಾಡಿ. ಆಗದಿದ್ರೆ, ಮನೆಯ ಲೈನ್ ಆದ್ರೆ ಮಾತ್ರ, ಒಣಗಿದ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಬಿಡಿಸಿ. ಹೊರಗಿನ ಲೈನ್ ತಂತಿ ಬಿದ್ದಿದ್ರೆ ಹತ್ತಿರವೇ ಹೋಗದೆ 1912ಕ್ಕೆ ಹೇಳಿ.
* 108ಕ್ಕೆ ಫೋನ್ ಮಾಡಿಸಿ.
* ಎಚ್ಚರ ಇಲ್ಲ, ಉಸಿರಿಲ್ಲ ಅಂದ್ರೆ ಎದೆಯ ಮಧ್ಯ ಎರಡು ಕೈ ಇಟ್ಟು ಜೋರಾಗಿ ಒತ್ತುತ್ತಾ ಇರಿ. ದೊಡ್ಡವರಿಗೆ ಎದೆ ಎರಡು ಇಂಚು ಇಳಿಯೋ ಹಾಗೆ, ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರೋ ತನಕ ನಿಲ್ಲಿಸಬೇಡಿ. ಮಣ್ಣಲ್ಲಿ ಹೂಳೋದು, ನೀರು ಕುಡಿಸೋದು ಬೇಡ, ಇದರಿಂದ ಅಮೂಲ್ಯ ನಿಮಿಷ ಹೋಗುತ್ತೆ.
* ಎದ್ದು ಕೂತು “ನಂಗೇನೂ ಆಗಿಲ್ಲ” ಅಂದರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ ಇಸಿಜಿ ಮಾಡಿಸಿ. ಹೃದಯದ ತೊಂದರೆ ತಡವಾಗಿಯೂ ಕಾಣಿಸ್ಕೊಳ್ಳಬಹುದು.

ಒಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿಗೆ ಆಗೋ ಖರ್ಚು ಸಾಮಾನ್ಯವಾಗಿ ಒಂದು ಒಳ್ಳೇ ಮಿಕ್ಸಿಯ ಬೆಲೆಗಿಂತ ಕಡಿಮೆ. ಇವತ್ತು ಸಂಜೆ ಮೂರು ಕೆಲಸ ಮಾಡಿ: ಮೀಟರಿನಲ್ಲಿ ‘ಅರ್ಥ್’ ದೀಪ ಉರೀತಿದೆಯಾ ನೋಡಿ, ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ‘ಟಿ’ ಬಟನ್ ಒತ್ತಿ, ಅರ್ಥ್ ಪೈಪಿನ ಜಾಯಿಂಟ್ ಗಟ್ಟಿ ಇದೆಯಾ ದೂರದಿಂದಲೇ ಕಣ್ಣು ಹಾಯಿಸಿ. ಫ್ರಿಜ್ ಜುಮ್ ಅಂತಿದ್ರೆ, ರಿಪೇರಿ ಆಗೋ ತನಕ ಮೇನ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಚಪ್ಪಲಿಯನ್ನ ನಂಬಬೇಡಿ.